ಗಾಡಿ ಹೋದರೂ ಗಂಟು ನಮ್ಮದು

(ಇದು ಪಾಠಕ್ಕಾಗಿ ಕಟ್ಟಿದ ಕತೆ. ಕತೆಯ ಹೆಸರುಗಳು ಕಲ್ಪಿತ. ಆದರೆ ಹೇಳಿರುವ ಕಾನೂನು ನಿಜ.)

ಹನುಮಂತಪ್ಪನ ಮನೆ ಹರಿಹರದಲ್ಲಿದೆ. ಹೊಳೆಯ ದಡಕ್ಕೆ ಹತ್ತಿರ. ಅವನಿಗೆ ಒಂದು ಲಗೇಜ್ ಆಟೋ ಇತ್ತು. ಸಾಲ ಮಾಡಿ ಕೊಂಡ ಗಾಡಿ. ದಿನಾ ದಾವಣಗೆರೆಗೆ ಹೋಗುವನು. ಮಂಡಕ್ಕಿ ಭಟ್ಟಿಯಲ್ಲಿ ಚೀಲ ತುಂಬುವನು. ಹರಿಹರ, ಮಲೇಬೆನ್ನೂರಿನ ಅಂಗಡಿಗಳಿಗೆ ಹಾಕಿ ಬರುವನು. ಅದೇ ಅವನ ಬದುಕು.

ಅವನ ಹೆಂಡತಿ ಬಸಮ್ಮ. ಅವಳು ಚಿಕ್ಕಂದಿನಲ್ಲಿ ಶಾಲೆಗೆ ಹೋಗಲಿಲ್ಲ. ಈಗ ಎಂಟು ತಿಂಗಳಿಂದ ರಾತ್ರಿ ಕಲಿಕಾ ಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿ ಶಾಂತಕ್ಕ ಪಾಠ ಹೇಳಿಕೊಡುತ್ತಾಳೆ. ಬಸಮ್ಮ ಈಗ ಓದುತ್ತಾಳೆ. ನಿಧಾನ ಓದುತ್ತಾಳೆ. ಆದರೆ ಬಿಡದೆ ಓದುತ್ತಾಳೆ.

ಮಗಳು ಕಾವ್ಯಾ. ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಕಾಲೇಜಿಗೆ ಸೇರಬೇಕು. ಗುರುವಾರ ಕೊನೇ ದಿನ.

ಅದು ಸೋಮವಾರ. ಸಂಜೆ ಕತ್ತಲಾಗುತ್ತಿತ್ತು. ಹನುಮಂತಪ್ಪ ಮನೆಗೆ ನಡೆದುಕೊಂಡು ಬಂದ. ಗಾಡಿಯ ಸದ್ದು ಕೇಳಲಿಲ್ಲ. ಬಸಮ್ಮ ಹೊರಗೆ ಬಂದಳು.

"ಏನ್ರಿ, ಗಾಡಿ ಎಲ್ಲಿ?"

ಹನುಮಂತಪ್ಪ ಕಟ್ಟೆ ಮೇಲೆ ಕುಳಿತ. ಮುಖ ಒಣಗಿತ್ತು.

"ಗಾಡಿ ಸೀಜ್ ಮಾಡಿದ್ರು ಕಣೇ. ದೊಡ್ಡಬಾತಿ ಹತ್ರ ಪಿ.ಬಿ. ರೋಡಿನಾಗೆ ಅಡ್ಡ ಹಾಕಿದ್ರು. ಇಬ್ರು ಬೈಕಿನಾಗೆ ಬಂದ್ರು. ಮೂರು ಕಂತು ಬಾಕಿ ಐತೆ, ಇಳೀರಿ ಅಂದ್ರು. ಕೀ ತಗೊಂಡ್ರು. ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರು. ನಾನು ಬಸ್ ಹತ್ತಿ ಬಂದೆ."

ಬಸಮ್ಮನ ಎದೆ ಝಲ್ಲೆಂದಿತು. ಅತ್ತೆಯ ಆಪರೇಷನ್‌ಗೆ ಹಣ ಹೋಗಿತ್ತು. ಕಂತು ನಿಂತಿತ್ತು. ಅದು ಅವಳಿಗೂ ಗೊತ್ತು. ಆದರೆ ಇಷ್ಟು ಬೇಗ ಗಾಡಿ ಹೋಗುತ್ತದೆ ಎಂದು ಗೊತ್ತಿರಲಿಲ್ಲ.

"ಮುಂಚೆ ಏನೂ ಹೇಳಲಿಲ್ವಾ ಅವರು?"

ಹನುಮಂತಪ್ಪ ತಲೆ ತಗ್ಗಿಸಿದ. ಎದ್ದು ಹೋಗಿ ದೇವರ ಫೋಟೋದ ಹಿಂದಿನಿಂದ ಒಂದು ಕವರು ತೆಗೆದ.

"ಹೋದ ವಾರ ಇದು ಬಂದಿತ್ತು. ನೀನು ಓದಿ ಹೆದರ್ತೀಯ ಅಂತ ಇಲ್ಲಿ ಇಟ್ಟಿದ್ದೆ."

ಬಸಮ್ಮ ಕವರು ತೆಗೆದಳು. ಕೂಡಿಸಿ ಕೂಡಿಸಿ ಓದಿದಳು. 'ಏಳು ದಿನದೊಳಗೆ ಬಾಕಿ ಕಟ್ಟಿ. ಇಲ್ಲವಾದರೆ ವಾಹನ ವಶಕ್ಕೆ ತೆಗೆದುಕೊಳ್ಳುತ್ತೇವೆ' ಎಂದು ಬರೆದಿತ್ತು.

"ಓದಿದ್ರೆ ಹೆದರ್ತಿದ್ದೆ. ಆದ್ರೆ ಏಳು ದಿನದಾಗೆ ಏನಾದ್ರೂ ಮಾಡ್ತಿದ್ವಿ" ಅಂದಳು.

ಆಗ ಒಳಗಿಂದ ಕಾವ್ಯಾ ಕೇಳಿದಳು. "ಅಪ್ಪಾ, ನನ್ನ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮಾಡಿಸಿದ್ಯಾ?"

ಹನುಮಂತಪ್ಪನ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲೇ ನಿಂತಿತು.

"ಅಯ್ಯೋ! ಅದು ಗಾಡಿಯಾಗೇ ಉಳೀತಲ್ಲ!"

ಮಾರ್ಕ್ಸ್ ಕಾರ್ಡು, ಜಾತಿ ಪತ್ರ, ಆದಾಯ ಪತ್ರ. ಎಲ್ಲಾ ಒಂದೇ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಆ ಚೀಲ ಗಾಡಿಯೊಳಗಿತ್ತು. ಗಾಡಿ ಎಲ್ಲೋ ಯಾರ್ಡಿನಲ್ಲಿತ್ತು. ಕಾವ್ಯಾ ಬಾಗಿಲು ಹಿಡಿದು ನಿಂತಳು. ಅಳಲಿಲ್ಲ. ಮಾತೂ ಆಡಲಿಲ್ಲ.

ನೆರೆಯವರು ಸೇರಿದರು. ತಲೆಗೊಂದು ಮಾತು ಹೇಳಿದರು.

"ಗಾಡಿ ಹೋದ ಮೇಲೆ ಒಳಗಿಂದೂ ಅವರದೇ. ಕೇಳಂಗಿಲ್ಲ" ಅಂದರು ಒಬ್ಬರು.

"ಪೂರಾ ಬಾಕಿ ಕಟ್ಟೋವರೆಗೆ ಒಂದು ಕಡ್ಡೀನೂ ಕೊಡಲ್ಲ" ಅಂದರು ಇನ್ನೊಬ್ಬರು.

ಬಸಮ್ಮನ ತಮ್ಮ ಮಂಜ ಹೇಳಿದ: "ನಡೀರಿ ಮಾವ. ರಾತ್ರಿ ಯಾರ್ಡಿನ ಗೋಡೆ ಹಾರಿ ತಗೊಂಡು ಬರಾಣ."

ಬಸಮ್ಮ ಯಾರಿಗೂ ಉತ್ತರ ಕೊಡಲಿಲ್ಲ. ಚೀಲಕ್ಕೆ ನೋಟ್‌ಬುಕ್ಕು, ಪೆನ್ನು ಹಾಕಿಕೊಂಡಳು. ಗಂಡನನ್ನೂ ಕರೆದುಕೊಂಡು ಶಾಂತಕ್ಕನ ಮನೆಗೆ ಹೋದಳು.

ಶಾಂತಕ್ಕ ಹೇಳಿದ್ದು

ಶಾಂತಕ್ಕ ಎಲ್ಲಾ ಕೇಳಿದಳು. ಆಮೇಲೆ ಹೇಳಿದಳು:

"ನೋಡಣ್ಣ, ಗಾಡಿ ಬೇರೆ. ಗಾಡಿಯೊಳಗಿನ ಸಾಮಾನು ಬೇರೆ. ನೀನು ಸಾಲಕ್ಕೆ ಆಧಾರ ಅಂತ ಕೊಟ್ಟಿದ್ದು ಗಾಡೀನ. ಮಗಳ ಮಾರ್ಕ್ಸ್ ಕಾರ್ಡನ್ನ ಆಧಾರ ಕೊಟ್ಟಿದ್ಯಾ? ಊಟದ ಡಬ್ಬೀನ ಆಧಾರ ಕೊಟ್ಟಿದ್ಯಾ?"

"ಇಲ್ಲಕ್ಕ."

"ಮತ್ತೆ ಅವು ಅವರದು ಹೇಗಾಗ್ತವೆ? ಅವು ನಿನ್ನವೇ. ಅವರು ಜೋಪಾನ ಮಾಡಿ ವಾಪಸ್ ಕೊಡಬೇಕು."

"ಬಾಕಿ ಕಟ್ಟಿದ ಮೇಲೆ ಕೊಡ್ತೀವಿ ಅಂದ್ರೆ?"

"ಬಾಕಿ ಲೆಕ್ಕ ಬೇರೆ. ಸಾಮಾನಿನ ಲೆಕ್ಕ ಬೇರೆ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಂಗಿಲ್ಲ."

ಮಂಜ ಹಿಂದೆಯೇ ಬಂದಿದ್ದ. "ಅವು ನಮ್ಮವೇ ಅಂದ್ಮೇಲೆ ನಾವೇ ಹೋಗಿ ತಂದ್ರೆ ತಪ್ಪೇನು?" ಅಂದ.

"ಸಾಮಾನು ನಿಮ್ಮದು. ಯಾರ್ಡು ನಿಮ್ಮದಲ್ಲ. ಗೋಡೆ ಹಾರಿದ್ರೆ ನಿಮ್ಮ ಮೇಲೇ ಕೇಸಾಗ್ತದೆ. ಆಮೇಲೆ ನಿಮ್ಮ ನ್ಯಾಯ ಕೇಳೋರು ಯಾರು?" ಶಾಂತಕ್ಕ ಕೇಳಿದಳು. ಮಂಜ ಸುಮ್ಮನಾದ.

"ಬಸಮ್ಮಾ, ನೋಟ್‌ಬುಕ್ ತೆಗಿ. ಗಾಡಿಯೊಳಗೆ ಏನೇನು ಇತ್ತು? ಈಗಲೇ ಬರಿ. ನಾಳೆ ಬರೆದ್ರೆ ಅರ್ಧ ಮರೆತಿರ್ತದೆ."

ಗಂಡ ಹೇಳಿದ. ಹೆಂಡತಿ ಬರೆದಳು.

1. ಪ್ಲಾಸ್ಟಿಕ್ ಚೀಲ – 1. ಅದರಲ್ಲಿ ಕಾವ್ಯಾಳ ಮಾರ್ಕ್ಸ್ ಕಾರ್ಡು, ಜಾತಿ ಪತ್ರ, ಆದಾಯ ಪತ್ರ.
2. ಮಂಡಕ್ಕಿ ಚೀಲ – 6.
3. ಉದ್ರಿ ಪುಸ್ತಕ – 1.
4. ತಾಡಪಾಲು – 1.
5. ಕಂಬಳಿ – 1.
6. ಊಟದ ಡಬ್ಬಿ – 1.
7. ಹಣ – 3,200 ರೂಪಾಯಿ. ಸೀಟಿನ ಕೆಳಗೆ ಡಬ್ಬಿಯಲ್ಲಿ.

"ಸ್ಟೆಪ್ನಿ, ಜಾಕು ಬರೀಬೇಕಾ?" ಹನುಮಂತಪ್ಪ ಕೇಳಿದ.

"ಅವು ಗಾಡಿ ಜತೆ ಬಂದವು. ಗಾಡಿ ಜತೆಗೇ ಇರ್ತವೆ. ಮಂಡಕ್ಕಿ ಯಾರದು?"

"ಭಟ್ಟಿಯವರದು. ಉದ್ರಿ ತಂದಿದ್ದೆ. ಚೀಟಿ ಜೇಬಿನಾಗೆ ಐತೆ."

"ಆ ಚೀಟಿ ಬಂಗಾರ ಇದ್ದಂಗೆ. ಆರು ಚೀಲ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಹಣಕ್ಕೆ ಏನಾದ್ರೂ ಸಾಕ್ಷಿ ಐತಾ?"

ಹನುಮಂತಪ್ಪ ಯೋಚಿಸಿದ. "ಇಲ್ಲಕ್ಕ" ಅಂದ.

"ಇರಲಿ. ಇದ್ದದ್ದು ಇದ್ದಂಗೆ ಬರೀರಿ. ಒಂದು ರೂಪಾಯಿ ಹೆಚ್ಚೂ ಬರೀಬೇಡಿ. ಸುಳ್ಳು ಒಂದು ಸೇರಿದ್ರೆ ನಿಜವೂ ಹಾಳಾಗ್ತದೆ."

ಆಮೇಲೆ ಶಾಂತಕ್ಕ ಸಹಿ ಹಾಕಿಸಿಕೊಂಡ ಕಾಗದದ ವಿಷಯ ಕೇಳಿದಳು. ಅದರ ಪ್ರತಿ ಹನುಮಂತಪ್ಪನ ಹತ್ತಿರ ಇತ್ತು. ಬಸಮ್ಮ ಓದಿದಳು. 'ನಾನೇ ನನ್ನ ಇಷ್ಟದಿಂದ ವಾಹನವನ್ನು ಒಪ್ಪಿಸಿದ್ದೇನೆ' ಎಂದು ಅದರಲ್ಲಿ ಇತ್ತು.

"ನಾನು ಇಷ್ಟದಿಂದ ಎಲ್ಲಿ ಕೊಟ್ಟೆ?" ಹನುಮಂತಪ್ಪ ಅಂದ.

"ಓದದೆ ಹಾಕಿದ ಸಹಿ ಅದು" ಶಾಂತಕ್ಕ ಹೇಳಿದಳು. "ಆದದ್ದು ಆಯ್ತು. ನಾಳೆ ಮಾತ್ರ ಓದದೆ ಯಾವುದಕ್ಕೂ ಸಹಿ ಹಾಕಬೇಡ."

ಯಾರ್ಡಿನಲ್ಲಿ

ಮಂಗಳವಾರ ಬೆಳಿಗ್ಗೆ ಗಂಡ ಹೆಂಡತಿ ದಾವಣಗೆರೆ ಬಸ್ ಹತ್ತಿದರು. ಫೈನಾನ್ಸ್ ಆಫೀಸಿಗೆ ಹೋದರು. ಕೈಯಲ್ಲಿ ಪತ್ರ ಇತ್ತು. ಪತ್ರದ ಜತೆ ಪಟ್ಟಿ ಇತ್ತು. ಎರಡಕ್ಕೂ ಜೆರಾಕ್ಸ್ ಇತ್ತು.

ಆಫೀಸಿನವರು ಮೊದಲು ಹೇಳಿದರು: "ಒಂದು ಕಂತು ಕಟ್ಟಿ. ಆಮೇಲೆ ಸಾಮಾನಿನ ಮಾತು."

ಬಸಮ್ಮ ಜಗಳ ಆಡಲಿಲ್ಲ. ದನಿ ಏರಿಸಲಿಲ್ಲ.

"ಸಾರ್, ಬಾಕಿ ಇಲ್ಲ ಅಂತ ನಾವು ಹೇಳಲ್ಲ. ಅದಕ್ಕೆ ಬೇರೆ ಮಾತಾಡಾಣ. ಈ ಸಾಮಾನು ನಿಮ್ಮ ಸಾಲಕ್ಕೆ ಸೇರಿಲ್ಲ. ಕೊಡಲ್ಲ ಅನ್ನೋದಾದ್ರೆ ಹಂಗಂತ ಈ ಪತ್ರದ ಮೇಲೆ ಬರೆದು ಸೀಲ್ ಹಾಕಿ ಕೊಡಿ."

ಆಫೀಸಿನವರು ಪತ್ರ ನೋಡಿದರು. ಪಟ್ಟಿ ನೋಡಿದರು. ಒಳಗೆ ಹೋಗಿ ಬಂದರು. 'ಕೊಡುವುದಿಲ್ಲ' ಎಂದು ಯಾರೂ ಬರೆಯಲಿಲ್ಲ. ಪತ್ರ ಬಂದಿದೆ ಎಂದು ಜೆರಾಕ್ಸಿನ ಮೇಲೆ ಸಹಿ, ಸೀಲು, ತಾರೀಕು ಹಾಕಿದರು. ಯಾರ್ಡಿಗೆ ಫೋನ್ ಮಾಡಿದರು.

ಯಾರ್ಡು ಊರ ಹೊರಗಿತ್ತು. ಬಯಲು ಜಾಗ. ಸುತ್ತ ಗೋಡೆ. ಸಾಲು ಸಾಲು ಗಾಡಿಗಳು. ರಾತ್ರಿ ಮಳೆ ಬಂದು ನೆಲ ಕೆಸರಾಗಿತ್ತು. ಹನುಮಂತಪ್ಪ ತನ್ನ ಗಾಡಿ ಗುರುತು ಹಿಡಿದ. ಮುಂದಿನ ಗಾಜಿಗೆ ಕಾವ್ಯಾ ಅಂಟಿಸಿದ್ದ ಹೂವಿನ ಚಿತ್ರ ಹಾಗೇ ಇತ್ತು.

ಗುಮಾಸ್ತ ಒಂದು ಹಾಳೆ ಮುಂದಿಟ್ಟ. "ಎಲ್ಲಾ ಸರಿ ಐತೆ. ಇಲ್ಲಿ ಸಹಿ ಹಾಕಿ. ಸಾಮಾನು ತಗೊಂಡು ಹೋಗಿ."

ಹನುಮಂತಪ್ಪ ಪೆನ್ನು ತೆಗೆದುಕೊಂಡ. ಬಸಮ್ಮ ಅವನ ಕೈ ಹಿಡಿದಳು.

"ಇರ್ರಿ. ಓದಾಣ."

ಹಾಳೆ ಇಂಗ್ಲಿಷಿನಲ್ಲಿತ್ತು. ಅಂಕಿ ಮಾತ್ರ ಬಸಮ್ಮನಿಗೆ ತಿಳಿಯಿತು. "ಅಣ್ಣಾ, ಒಂದೊಂದೇ ಓದಿ ಹೇಳಿ. ನಾನು ಕನ್ನಡದಾಗೆ ಬರ್ಕೊಂತೀನಿ" ಅಂದಳು.

ಗುಮಾಸ್ತ ಓದಿದ. ಬಸಮ್ಮ ಬರೆದಳು. ತನ್ನ ಪಟ್ಟಿಯ ಪಕ್ಕ ಇಟ್ಟು ನೋಡಿದಳು.

ಅವರ ಹಾಳೆಯಲ್ಲಿ ಮಂಡಕ್ಕಿ ಚೀಲ 4 ಇತ್ತು. ಅವಳ ಪಟ್ಟಿಯಲ್ಲಿ 6. ಅವರ ಹಾಳೆಯಲ್ಲಿ ಹಣ ಇರಲಿಲ್ಲ. ಮಾರ್ಕ್ಸ್ ಕಾರ್ಡಿನ ಹೆಸರೂ ಇರಲಿಲ್ಲ.

"ನಮ್ಮ ಹುಡುಗಿ ಕಾಗದ ಎಲ್ಲಿ?"

"ಕಾಗದ ಗೀಗದ ಇಲ್ಲಮ್ಮ. ಹಳೆ ಕಾಗದ ಅಂತ ಒಂದು ಬರೆದಿದೀನಿ ನೋಡಿ. ಗಾಡಿ ಗುಡಿಸಿದ್ವಲ್ಲ, ಆ ಮೂಲೆ ಚೀಲಕ್ಕೆ ಹಾಕಿರ್ಬೇಕು."

ಬಸಮ್ಮ ಮೂಲೆಗೆ ಹೋದಳು. ಗೋಣಿ ಚೀಲ ಬಿಚ್ಚಿದಳು. ಟೀ ಲೋಟ, ಹರಿದ ಪೇಪರು, ಸಿಗರೇಟು ಡಬ್ಬಿ. ಅವುಗಳ ಕೆಳಗೆ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಮಾರ್ಕ್ಸ್ ಕಾರ್ಡು ಇತ್ತು. ಒಂದು ಮೂಲೆ ಮಡಚಿತ್ತು. ಅಷ್ಟೇ. ಬಸಮ್ಮ ಅದನ್ನು ಸೆರಗಿನಲ್ಲಿ ಒರೆಸಿದಳು. ಮಗಳ ಹೆಸರು ಓದಿದಳು. ಆ ಹೆಸರನ್ನು ಅಚ್ಚಿನ ಅಕ್ಷರದಲ್ಲಿ ಅವಳು ಓದಿದ್ದು ಅದೇ ಮೊದಲು.

ಎರಡು ಚೀಲ ಮಂಡಕ್ಕಿ ಮಳೆಗೆ ನೆನೆದವು, ಎಸೆದೆವು ಎಂದು ಗುಮಾಸ್ತ ಹೇಳಿದ. ಹಣದ ಡಬ್ಬಿ ನಾವು ನೋಡಿಲ್ಲ ಎಂದ.

"ಸರಿ. ಹಂಗೇ ಬರೀತೀನಿ" ಅಂದಳು ಬಸಮ್ಮ. ಅವರ ಹಾಳೆಯ ಕೆಳಗೆ ಕನ್ನಡದಲ್ಲಿ ಬರೆದಳು:

'ಮಂಡಕ್ಕಿ ಚೀಲ 4 ಬಂದಿವೆ. 2 ಬಂದಿಲ್ಲ. ಹಣ 3,200 ರೂಪಾಯಿ ಬಂದಿಲ್ಲ. ಉಳಿದದ್ದು ಬಂದಿದೆ.'

ಅದರ ಕೆಳಗೆ ಹನುಮಂತಪ್ಪ ಸಹಿ ಹಾಕಿದ. ಬಸಮ್ಮ ಸಾಕ್ಷಿ ಸಹಿ ಹಾಕಿದಳು. ಹಾಳೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡರು. ಹೆಬ್ಬೆಟ್ಟಿನ ಶಾಯಿ ಡಬ್ಬಿ ಮೇಜಿನ ಮೇಲೆ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ.

ಬುಧವಾರ ಕಾವ್ಯಾ ಕಾಲೇಜಿಗೆ ಸೇರಿದಳು.

ಎರಡು ಚೀಲ ಮಂಡಕ್ಕಿಯ ಬೆಲೆಯನ್ನು ಕಂಪನಿಯವರು ಮೂರು ವಾರದ ಮೇಲೆ ಕೊಟ್ಟರು. ಭಟ್ಟಿಯ ಚೀಟಿ ಇತ್ತು. ಆದ್ದರಿಂದ ಇಲ್ಲ ಎನ್ನಲು ಆಗಲಿಲ್ಲ. ಹಣಕ್ಕೆ ಸಾಕ್ಷಿ ಇರಲಿಲ್ಲ. ಪೊಲೀಸ್ ಠಾಣೆಗೆ ದೂರು ಕೊಟ್ಟಿದ್ದಾರೆ. ಅದು ಇನ್ನೂ ಬಂದಿಲ್ಲ. ಗಾಡಿಯೂ ಉಳಿಯಲಿಲ್ಲ. ಬಾಕಿ ಹೊಂದಿಸಲು ಆಗಲಿಲ್ಲ. ಹನುಮಂತಪ್ಪ ಈಗ ಬೇರೆಯವರ ಗಾಡಿ ಓಡಿಸುತ್ತಾನೆ. ಆದರೆ ಉದ್ರಿ ಪುಸ್ತಕ ಕೈಗೆ ಬಂತು. ಅಂಗಡಿಗಳಿಂದ ಬರಬೇಕಾದ ಹಣ ಬಂತು. ಮಗಳ ವರ್ಷ ಉಳಿಯಿತು.

ಈಗ ಮನೆಗೆ ಬಂದ ಕಾಗದ ದೇವರ ಫೋಟೋದ ಹಿಂದೆ ಹೋಗುವುದಿಲ್ಲ. ಮೊದಲು ಬಸಮ್ಮನ ಕೈಗೆ ಬರುತ್ತದೆ.

ತಿಳಿದುಕೊಳ್ಳೋಣ

ಸಾಲದ ಗಾಡಿ ಯಾರದು?

ಸಾಲ ಮಾಡಿ ಗಾಡಿ ಕೊಂಡರೆ ಆರ್‌ಸಿಯಲ್ಲಿ ಎರಡು ಹೆಸರು ಇರುತ್ತವೆ. ಒಂದು ಮಾಲೀಕರ ಹೆಸರು. ಇನ್ನೊಂದು ಸಾಲ ಕೊಟ್ಟವರ ಹೆಸರು. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಂ ಹೀಗೆ ಬರೆಯಲು ಹೇಳುತ್ತದೆ. ಸಾಲ ತೀರುವವರೆಗೆ ಗಾಡಿ ಸಾಲಕ್ಕೆ ಆಧಾರ. ಸಾಲ ತೀರಿದ ಮೇಲೆ ಎನ್‌ಒಸಿ ಪಡೆದು ಆ ಹೆಸರು ತೆಗೆಸಬೇಕು. ನಮ್ಮ ಜಿಲ್ಲೆಯ ಗಾಡಿಗಳ ನಂಬರು ಕೆಎ-17 ಎಂದು ಶುರುವಾಗುತ್ತದೆ. ಇದರ ಕೆಲಸ ದಾವಣಗೆರೆಯ ಆರ್‌ಟಿಒ ಕಚೇರಿಯಲ್ಲಿ ಆಗುತ್ತದೆ.

ಗಾಡಿ ಹೇಗೆ ಬೇಕಾದರೂ ಎಳೆದು ತರಬಹುದೇ?

ತರುವಂತಿಲ್ಲ. 2007ರಲ್ಲಿ ಐಸಿಐಸಿಐ ಬ್ಯಾಂಕ್ ಮತ್ತು ಪ್ರಕಾಶ್ ಕೌರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಸಾಲ ವಸೂಲಿಗೆ ತೋಳ್ಬಲದವರನ್ನು ಕಳಿಸಬಾರದು. ಕಾನೂನಿನ ದಾರಿಯಲ್ಲಿ ಹೋಗಬೇಕು. 2011ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿಯೂ ಇದೇ ಮಾತು ಹೇಳಿದೆ.

ರಿಸರ್ವ್ ಬ್ಯಾಂಕಿನ ನಿಯಮಗಳೂ ಇವೆ. ಸಾಲದ ಕರಾರಿನಲ್ಲಿ ಈ ಮಾತುಗಳು ಇರಬೇಕು: ಗಾಡಿ ಹಿಡಿಯುವ ಮುಂಚೆ ಎಷ್ಟು ದಿನದ ನೋಟಿಸು? ಹೇಗೆ ಹಿಡಿಯುತ್ತಾರೆ? ಮಾರುವ ಮುಂಚೆ ಬಾಕಿ ಕಟ್ಟಲು ಕೊನೇ ಅವಕಾಶ ಹೇಗೆ? ಗಾಡಿ ಮರಳಿ ಪಡೆಯುವುದು ಹೇಗೆ? ಕರಾರಿನ ಪ್ರತಿಯನ್ನು ಸಾಲ ಪಡೆದವರಿಗೆ ಕೊಡಬೇಕು. ನಮಗೆ ತಿಳಿಯುವ ಭಾಷೆಯಲ್ಲಿ ವಿಷಯ ತಿಳಿಸಬೇಕು. ವಸೂಲಿಗೆ ಬಂದವರ ಹತ್ತಿರ ಗುರುತಿನ ಚೀಟಿ, ಅಧಿಕಾರ ಪತ್ರ ಇರಬೇಕು. 2022ರ ಆಗಸ್ಟ್ ತಿಂಗಳ ಸುತ್ತೋಲೆಯ ಪ್ರಕಾರ ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಂಜೆ 7 ಗಂಟೆಯ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ವಸೂಲಿಯವರು ತಪ್ಪು ಮಾಡಿದರೆ ಕಂಪನಿಯೇ ಹೊಣೆ.

ಒಳಗಿನ ಸಾಮಾನು ಯಾರದು?

ಗಾಡಿಯೊಳಗೆ ಇಟ್ಟ ಬಟ್ಟೆ, ಕಾಗದ, ಸರಕು, ಹಣ, ಔಷಧ, ಮಕ್ಕಳ ಪುಸ್ತಕ ಇವು ಆಧಾರಕ್ಕೆ ಸೇರಿಲ್ಲ. ಇಟ್ಟವರದೇ ಆಗಿ ಉಳಿಯುತ್ತವೆ. ಬಾಡಿಗೆಗೆ ಹೇರಿದ ಬೇರೆಯವರ ಸರಕು ಆ ಬೇರೆಯವರದೇ.

ಸ್ಟೆಪ್ನಿ, ಜಾಕು, ಗಾಡಿಯ ಜತೆ ಬಂದ ಸಲಕರಣೆ ಗಾಡಿಯ ಭಾಗ. ನಾವೇ ಹಾಕಿಸಿದ ಟೇಪು, ಸ್ಪೀಕರು, ಕ್ಯಾರಿಯರ್ ಇದ್ದರೆ ಕರಾರು ಓದಿ ನೋಡಬೇಕು. ಕರಾರಿನಲ್ಲಿ ಅವನ್ನೂ ಸೇರಿಸಿರಬಹುದು. ಅವನ್ನು ಕಿತ್ತು ಗಾಡಿಗೆ ಹಾನಿ ಮಾಡಬಾರದು.

ಒಬ್ಬರ ವಸ್ತು ಇನ್ನೊಬ್ಬರ ಕೈಯಲ್ಲಿದ್ದರೆ ಅವರು ಏನು ಮಾಡಬೇಕು? ತಮ್ಮ ಸ್ವಂತ ವಸ್ತುವಿನ ಹಾಗೆ ಜೋಪಾನ ಮಾಡಬೇಕು. 1872ರ ಭಾರತೀಯ ಕರಾರು ಕಾಯ್ದೆಯ ನೀತಿ ಇದು. ಬೇರೆಯವರ ವಸ್ತುವನ್ನು ಮೋಸದಿಂದ ತಮ್ಮದು ಮಾಡಿಕೊಂಡರೆ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇದನ್ನು ಹೇಳುತ್ತದೆ. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ.

ನಮ್ಮ ಹೊಣೆ ಏನು?

ಸಾಮಾನು ವಾಪಸ್ ಬಂತು ಎಂದರೆ ಸಾಲ ತೀರಿತು ಎಂದಲ್ಲ. ಸಾಲ ಸಾಲವೇ. ಕಂತು ಕಟ್ಟಲು ಆಗದಿದ್ದರೆ ಮುಂಚೆಯೇ ಹೋಗಿ ಹೇಳಬೇಕು. ಸಮಯ ಕೇಳಬೇಕು. ಕೇಳಿದ್ದನ್ನು ಬರೆದು ಕೊಡಬೇಕು. ನೋಟಿಸು ಬಂದರೆ ಬಚ್ಚಿಡಬಾರದು. ಗಾಡಿಯನ್ನೂ ಬಚ್ಚಿಡಬಾರದು. ಗಾಡಿ ಮಾರಿದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ಅವರು ಕೇಳಬಹುದು. ಸಾಲ ತೀರಿ ಹಣ ಉಳಿದರೆ ಅದನ್ನು ನಾವು ಕೇಳಬಹುದು. ಮಾರಾಟದ ಲೆಕ್ಕ ಕೇಳಿ ಪಡೆಯಬೇಕು.

ಗಾಡಿ ಹಿಡಿದಾಗ ಏನು ಮಾಡಬೇಕು?

1. ಹೊಡೆದಾಟ ಬೇಡ. ಅವರು ಹೊಡೆದರೆ, ಬೆದರಿಸಿದರೆ 112ಕ್ಕೆ ಫೋನ್ ಮಾಡಿ.
2. ಗುರುತಿನ ಚೀಟಿ, ಅಧಿಕಾರ ಪತ್ರ ಕೇಳಿ. ಫೋಟೋ ತೆಗೆದುಕೊಳ್ಳಿ.
3. ನಿಮ್ಮ ಸಾಮಾನು ಇಳಿಸಿಕೊಳ್ಳಲು ಅವಕಾಶ ಕೇಳಿ. ಮೊದಲು ಕಾಗದ, ಔಷಧ, ಹಣ ಇಳಿಸಿ.
4. ಇಳಿಸಲು ಬಿಡದಿದ್ದರೆ ಒಳಗಿನ ಸಾಮಾನಿನ ಫೋಟೋ ತೆಗೆಯಿರಿ.
5. ಓದದೆ ಸಹಿ ಹಾಕಬೇಡಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.
6. ಗಾಡಿ ಯಾವ ಯಾರ್ಡಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ.
7. ಅಂದೇ ಪಟ್ಟಿ ಬರೆಯಿರಿ. ಮಾರನೇ ದಿನವೇ ಪತ್ರ ಕೊಡಿ. ಕೊಳೆಯುವ, ನೆನೆಯುವ ವಸ್ತು ಇದ್ದರೆ ಪತ್ರದಲ್ಲಿ ಅದನ್ನು ಹೇಳಿ.
8. ಸಾಮಾನು ತೆಗೆದುಕೊಳ್ಳುವಾಗ ಎರಡು ಪಟ್ಟಿ ತಾಳೆ ನೋಡಿ. ಬಾರದ್ದನ್ನು 'ಬಂದಿಲ್ಲ' ಎಂದು ಬರೆದು ಸಹಿ ಹಾಕಿ.

ಕೊಡದಿದ್ದರೆ ಎಲ್ಲಿಗೆ ಹೋಗಬೇಕು?

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಬ್ಯಾಂಕುಗಳು ಮತ್ತು ದೊಡ್ಡ ಫೈನಾನ್ಸ್ ಕಂಪನಿಗಳ ಮೇಲಿನ ದೂರನ್ನು ಅಲ್ಲಿ ಕೇಳುತ್ತಾರೆ. ಮಾಹಿತಿಗೆ ಫೋನ್ 14448.

ಸಾಮಾನು ಕದ್ದಿದ್ದಾರೆ ಎನಿಸಿದರೆ ಪೊಲೀಸ್ ಠಾಣೆಗೆ ಬರೆದು ಕೊಡಿ. ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು.

ದಾವಣಗೆರೆಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಹೊಟ್ಟೆಪಾಡಿಗೆ ತಾನೇ ಗಾಡಿ ಓಡಿಸುವವನೂ ಗ್ರಾಹಕನೇ. ಗ್ರಾಹಕರ ಸಹಾಯವಾಣಿ 1915.

ವಕೀಲರಿಗೆ ಕೊಡಲು ಹಣ ಇಲ್ಲವೇ? ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹರಿಹರದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಕೋರ್ಟಿನಲ್ಲಿ ಕೇಳಿದರೆ ತೋರಿಸುತ್ತಾರೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು, ಇನ್ನೂ ಕೆಲವರಿಗೆ ಕಾನೂನು ನೆರವು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಈ ಹಕ್ಕು ಕೊಟ್ಟಿದೆ. ಫೋನ್ 15100.

ಮಾದರಿ ಪತ್ರ

ಸ್ಥಳ: ............ ತಾರೀಕು: ............

ಇವರಿಗೆ,
ವ್ಯವಸ್ಥಾಪಕರು,
............ ಫೈನಾನ್ಸ್, ದಾವಣಗೆರೆ.

ವಿಷಯ: ಗಾಡಿಯೊಳಗೆ ಉಳಿದ ನಮ್ಮ ಸಾಮಾನು ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ನನ್ನ ಗಾಡಿ ನಂಬರು ............. ಸಾಲದ ಖಾತೆ ನಂಬರು ............. ತಾರೀಕು ........ ರಂದು ........ ಗಂಟೆಗೆ ........ ಹತ್ತಿರ ನಿಮ್ಮವರು ಗಾಡಿ ವಶಕ್ಕೆ ತೆಗೆದುಕೊಂಡಿದ್ದಾರೆ. ಗಾಡಿಯೊಳಗೆ ನನ್ನ ಸ್ವಂತ ಸಾಮಾನು ಉಳಿದಿದೆ. ಅದರ ಪಟ್ಟಿ ಇದರ ಜತೆ ಇದೆ. ಇವು ಸಾಲಕ್ಕೆ ಆಧಾರ ಅಲ್ಲ. ದಯವಿಟ್ಟು ಕೂಡಲೇ ವಾಪಸ್ ಕೊಡಿ. ಕೊಡುವವರೆಗೆ ಜೋಪಾನವಾಗಿ ಇಡಿ. ಯಾವ ದಿನ, ಎಲ್ಲಿಗೆ ಬರಬೇಕು ಎಂದು ತಿಳಿಸಿ.

ಇಂತಿ,
(ಸಹಿ) ............
ಫೋನ್: ............

ಈ ಪತ್ರವನ್ನು ಎರಡು ಪ್ರತಿ ಬರೆಯಿರಿ. ಒಂದು ಅವರಿಗೆ. ಇನ್ನೊಂದರ ಮೇಲೆ ಅವರ ಸಹಿ, ಸೀಲು ಪಡೆದು ನೀವು ಇಟ್ಟುಕೊಳ್ಳಿ. ಅವರು ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಸೀದಿ ಇಟ್ಟುಕೊಳ್ಳಿ.

ನೆನಪಿಡಿ

ಗಾಡಿ ಮನೆಯಲ್ಲ. ಬೆಲೆಬಾಳುವ ವಸ್ತು ಅದರಲ್ಲಿ ಬಿಡಬೇಡಿ. ಹಣವನ್ನು ಮೈಮೇಲೆ ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡು, ಜಾತಿ ಪತ್ರ ಒಯ್ದರೆ ಕೆಲಸ ಆದ ಕೂಡಲೇ ಕೈಚೀಲಕ್ಕೆ ಹಾಕಿ. ಆರ್‌ಸಿ, ಲೈಸೆನ್ಸನ್ನು ಮೊಬೈಲಿನ ಡಿಜಿಲಾಕರ್‌ನಲ್ಲಿ ತೋರಿಸಬಹುದು. ಕಂತು ಕಟ್ಟಿದ ರಸೀದಿ, ಸರಕಿನ ಚೀಟಿ ಎಸೆಯಬೇಡಿ. ಮಾತಿಗೆ ಸಾಕ್ಷಿ ಇಲ್ಲ. ಚೀಟಿಯೇ ಸಾಕ್ಷಿ.

ಪದಗಳ ಅರ್ಥ

ಆಧಾರ – ಸಾಲಕ್ಕೆ ಭದ್ರತೆಯಾಗಿ ಕೊಟ್ಟ ವಸ್ತು
ವಶ – ತಮ್ಮ ಕೈಗೆ ತೆಗೆದುಕೊಳ್ಳುವುದು
ಕರಾರು – ಇಬ್ಬರು ಒಪ್ಪಿ ಮಾಡಿದ ಮಾತು, ಒಪ್ಪಂದ
ಯಾರ್ಡು – ಹಿಡಿದ ಗಾಡಿ ನಿಲ್ಲಿಸುವ ಜಾಗ
ಸ್ವೀಕೃತಿ – ಪತ್ರ ತಲುಪಿತು ಎಂದು ಕೊಡುವ ಚೀಟಿ
ತಾಳೆ ನೋಡು – ಎರಡನ್ನೂ ಹೋಲಿಸಿ ನೋಡು

ಉತ್ತರ ಹೇಳಿ

1. ಹನುಮಂತಪ್ಪ ನೋಟಿಸನ್ನು ಎಲ್ಲಿ ಇಟ್ಟಿದ್ದ? ಏಕೆ?
2. ಮಂಜ ಏನು ಮಾಡೋಣ ಎಂದ? ಶಾಂತಕ್ಕ ಬೇಡ ಎಂದದ್ದು ಏಕೆ?
3. ಯಾರ್ಡಿನ ಹಾಳೆಯಲ್ಲಿ ಮಂಡಕ್ಕಿ ಚೀಲ ಎಷ್ಟು ಇತ್ತು? ಬಸಮ್ಮನ ಪಟ್ಟಿಯಲ್ಲಿ ಎಷ್ಟು ಇತ್ತು?
4. ಮಂಡಕ್ಕಿಯ ಬೆಲೆ ಬಂತು. ಹಣ ಬರಲಿಲ್ಲ. ಕಾರಣ ಏನು?

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಸಾಲದ ಗಾಡಿ ಇದೆಯೇ? ಅದರ ಆರ್‌ಸಿ ಓದಿ. ಸಾಲ ಕೊಟ್ಟವರ ಹೆಸರು ಎಲ್ಲಿದೆ, ಹುಡುಕಿ. ಆ ಗಾಡಿಯೊಳಗೆ ಈಗ ಏನೇನು ಇದೆ? ಪಟ್ಟಿ ಬರೆಯಿರಿ. ಗಾಡಿಗೆ ಸೇರಿದ್ದು ಒಂದು ಕಡೆ. ನಮ್ಮದು ಇನ್ನೊಂದು ಕಡೆ.

ಚರ್ಚೆ ಮಾಡಿ

ಮನೆಗೆ ಬಂದ ಕಾಗದವನ್ನು ಮನೆಯವರೆಲ್ಲ ಓದಬೇಕೇ? ಹೆದರಿಕೆಯ ಸುದ್ದಿ ಇದ್ದರೆ ಏನು ಮಾಡಬೇಕು?